ಟ್ರೇಲರ್ ತರುವ ಯಾದಿ

ಹೋದ ದೀಪಾವಳಿಯ ಮುಂಚೆ ಮಮದಾಪುರದ ನಮ್ಮ ಹಳೆಯ ಮನೆಯ ಅಟ್ಟವನ್ನು ಸ್ವಚ್ಛಗೊಳಿಸುತ್ತಿದ್ದಾಗ, ಟ್ರಂಕಿನ ತಳದಲ್ಲಿ ಒಂದು ನೋಟುಪುಸ್ತಕ ದೊರೆಯಿತು. ಮುಂಭಾಗದಲ್ಲಿ ನಾನು ಬಿ.ಎ. ಓದುತ್ತಿದ್ದಾಗ ಬರೆದುಕೊಂಡ ಇತಿಹಾಸದ ಟಿಪ್ಪಣಿಗಳು. ಹಿಂಬದಿಯಿಂದ ತಿರುವಿದರೆ ನನ್ನದೇ ಅಕ್ಷರದಲ್ಲಿ ಆರು ಪುಟಗಳ ಒಂದು ಯಾದಿ. ಅದರ ತಲೆಬರಹ: 'ಕೊಲ್ಹಾಪುರದಿಂದ ಟ್ರೇಲರ್ ತರುವುದು, ಮಾರ್ಚ್ 1981'.

ಪ್ರೌಢಶಾಲೆಯಲ್ಲಿ ಇತಿಹಾಸ ಬೋಧಿಸುತ್ತ ಆಯುಷ್ಯ ಕಳೆದವನು ನಾನು. ಒಪ್ಪಂದಗಳು, ಯುದ್ಧಗಳು, ರಾಜವಂಶಗಳ ಇಸವಿಗಳನ್ನು ಮಕ್ಕಳಿಂದ ಕಂಠಪಾಠ ಮಾಡಿಸಿದ್ದೇನೆ. ಆದರೆ ಈ ಯಾದಿಯನ್ನು ಓದುತ್ತ ಕುಳಿತಾಗ, ಒಂದು ಊರಿನ ಇತಿಹಾಸಕ್ಕೆ ಇದಕ್ಕಿಂತ ನಂಬಲರ್ಹವಾದ ದಾಖಲೆ ನನ್ನ ಕೈಗೆ ಹಿಂದೆಂದೂ ಬಂದಿರಲಿಲ್ಲವೆಂದು ಅನ್ನಿಸಿತು. ಹಳೆಯ ಟ್ರಕ್ಕೊಂದರಲ್ಲಿ ಸುಮಾರು 125 ಕಿಲೋಮೀಟರ್ ದೂರ ಹೋಗಿ ಒಂದು ಟ್ರೇಲರ್ ತರಲು ನಮ್ಮವರು ಎಷ್ಟೊಂದು ವಿಚಾರ ಮಾಡಬೇಕಾಗಿತ್ತು! ಆ ವಿಚಾರದ ಒಂದೊಂದು ಸಾಲಿನ ಹಿಂದೆಯೂ ನಮ್ಮ ಸೀಮೆಯ ಚರಿತ್ರೆಯ ಒಂದೊಂದು ತುಣುಕು ಅಡಗಿದೆ. ಅದನ್ನು ಬಿಡಿಸಿ ಹೇಳುವುದು ಈ ಲೇಖನದ ಉದ್ದೇಶ.

ಮೊದಲು, ಟ್ರೇಲರ್ ಏಕೆ ಬೇಕಾಯಿತು ಎಂಬುದನ್ನು ಹೇಳಬೇಕು. ಭಾರತದಲ್ಲಿ ಟ್ರ್ಯಾಕ್ಟರ್ ತಯಾರಿಕೆ 1959ರಲ್ಲಿ ಫರೀದಾಬಾದಿನ ಐಷರ್ ಕಾರ್ಖಾನೆಯಿಂದ ಆರಂಭವಾಯಿತು. 1960ರ ದಶಕದಲ್ಲಿ ಮತ್ತೆ ಕೆಲವು ಕಂಪನಿಗಳು ಬಂದವು. 1971ರಲ್ಲಿ ಪಿಂಜೋರಿನಲ್ಲಿ ಎಚ್.ಎಂ.ಟಿ. ಟ್ರ್ಯಾಕ್ಟರುಗಳು ಹೊರಬಂದವು. ನಮ್ಮ ಮನೆಗೆ ಟ್ರ್ಯಾಕ್ಟರ್ ಬಂದದ್ದು 1980ರಲ್ಲಿ, ಬ್ಯಾಂಕಿನ ಸಾಲದಿಂದ. ಹಣ ಸಾಲದೆ ಟ್ರೇಲರ್ ಕೊಂಡಿರಲಿಲ್ಲ. 'ಎತ್ತು ಬಂತು, ಚಕ್ಕಡಿ ಬರಲಿಲ್ಲ' ಎಂದು ಊರಿನವರು ನಗುತ್ತಿದ್ದರು. ಟ್ರ್ಯಾಕ್ಟರಿನ ಕಥೆ ಹೇಳುವವರು ನೇಗಿಲನ್ನೇ ನೆನೆಯುತ್ತಾರೆ. ಉಳುವ ಕೆಲಸ ವರ್ಷದಲ್ಲಿ ಕೆಲವೇ ದಿನ. ಉಳಿದ ದಿನಗಳಲ್ಲಿ ಟ್ರ್ಯಾಕ್ಟರಿಗೆ ಅನ್ನ ಹಾಕುವುದು ಟ್ರೇಲರ್. ಗೊಬ್ಬರ, ಕಲ್ಲು, ಮರಳು, ಕಬ್ಬು, ಮದುವೆಯ ದಿಬ್ಬಣ, ಸವದತ್ತಿ ಎಲ್ಲಮ್ಮನ ಗುಡ್ಡದ ಜಾತ್ರೆ, ರಾತ್ರಿ ಹೆರಿಗೆ ನೋವು ಬಂದ ಹೆಂಗಸು ಎಲ್ಲವೂ ಅದರಲ್ಲಿಯೇ.

ಎಲ್ಲಕ್ಕಿಂತ ಅವಸರದ ಸರಕು ಕಬ್ಬು. ಕಡಿದ ಕಬ್ಬನ್ನು ಆದಷ್ಟು ಬೇಗ, ಸಾಧ್ಯವಾದರೆ ಒಂದು ದಿನದೊಳಗೆ, ಅರೆಯಬೇಕು. ತಡವಾದಂತೆ ನೀರಾರಿ ತೂಕ ಇಳಿಯುತ್ತದೆ, ಒಳಗಿನ ಸಕ್ಕರೆಯೂ ಕೆಡುತ್ತದೆ. ನಮ್ಮ ಮರದ ಗಾಲಿಯ ಚಕ್ಕಡಿ ಒಂದು ಸಲಕ್ಕೆ ಎಳೆಯುತ್ತಿದ್ದುದು ಹೆಚ್ಚೆಂದರೆ ಒಂದು ಟನ್ನು. ಆ ಕಾಲದಲ್ಲಿಯೇ ಬೆಂಗಳೂರಿನ ಐ.ಐ.ಎಂ. ಸಂಸ್ಥೆಯ ಪ್ರೊ. ಎನ್. ಎಸ್. ರಾಮಸ್ವಾಮಿಯವರು ಎತ್ತಿನ ಗಾಡಿಯ ಸುಧಾರಣೆಯ ಕುರಿತು ಅಧ್ಯಯನ ನಡೆಸಿದ್ದರು. ಅಚ್ಚು, ಗಾಲಿ, ನೊಗಗಳನ್ನು ಉತ್ತಮಗೊಳಿಸಿದರೆ ಎತ್ತಿನ ಕೊರಳಿಗೂ ರೈತನಿಗೂ ಹಿತವೆಂಬುದು ಅವರ ವಾದ. ಆ ವಾದ ಸರಿಯಾಗಿಯೇ ಇತ್ತು. ಆದರೆ ನಮ್ಮ ಸೀಮೆಯ ಕಬ್ಬು ಅಷ್ಟು ಹೊತ್ತು ಕಾಯುವ ಸ್ಥಿತಿಯಲ್ಲಿರಲಿಲ್ಲ.

ಟ್ರೇಲರನ್ನು ಕೊಲ್ಹಾಪುರದಿಂದಲೇ ಏಕೆ ತರಬೇಕು? ಹೊಸ ತಲೆಮಾರಿನವರು ಈ ಪ್ರಶ್ನೆ ಕೇಳುವುದು ಸಹಜ. ಇದಕ್ಕೆ ಉತ್ತರ ಹುಡುಕಲು ನೂರು ವರ್ಷ ಹಿಂದೆ ಹೋಗಬೇಕು. ನಮ್ಮ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಜನಿಸಿದ ಲಕ್ಷ್ಮಣರಾವ ಕಿರ್ಲೋಸ್ಕರರು 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ತೆರೆದರು. ಅಲ್ಲಿಂದಲೇ ಮೇವು ಕತ್ತರಿಸುವ ಯಂತ್ರ, ಕಬ್ಬಿಣದ ನೇಗಿಲುಗಳ ತಯಾರಿಕೆಗೆ ತೊಡಗಿದರು. ಅವರ ಕಾರ್ಖಾನೆಯಿದ್ದ ಜಾಗ ನಗರದ ವಿಸ್ತರಣೆಗೆ ಬೇಕಾದಾಗ ಜಾಗ ತೆರವು ಮಾಡಬೇಕಾಯಿತು. ಔಂಧ ಸಂಸ್ಥಾನದ ರಾಜರು ಕುಂಡಲ ರೋಡ್ ರೈಲು ನಿಲ್ದಾಣದ ಬಳಿ ಭೂಮಿಯನ್ನೂ ಸಾಲವನ್ನೂ ಕೊಟ್ಟರು. 1910ರಲ್ಲಿ ಅಲ್ಲಿ ಕಿರ್ಲೋಸ್ಕರವಾಡಿ ಹುಟ್ಟಿತು. ಮುಂದೆ ಸಾಂಗ್ಲಿ, ಕೊಲ್ಹಾಪುರಗಳ ಸುತ್ತ ಎರಕದ ಕಾರ್ಖಾನೆಗಳು, ಆಯಿಲ್ ಎಂಜಿನ್ ಕಾರ್ಖಾನೆಗಳು ಬೆಳೆದವು. ಕೊಲ್ಹಾಪುರದ ಉದ್ಯಮನಗರ ಅಂಥ ಕೆಲಸಗಳಿಗೆ ಹೆಸರಾಯಿತು. ನಮ್ಮ ಬಾವಿಯ ಎಂಜಿನ್ ಕೆಟ್ಟರೂ ಸಾಮಾನು ಬರುತ್ತಿದ್ದುದು ಅತ್ತಲಿಂದಲೇ. ಬೆಳಗಾವಿಯ ಉದ್ಯಮಬಾಗದಲ್ಲಿಯೂ ಕಾರ್ಖಾನೆಗಳಿದ್ದವು, ನಿಜ. ಆದರೆ ನಮ್ಮ ದೊಡ್ಡಪ್ಪನವರಿಗೆ ಕೊಲ್ಹಾಪುರದ ಒಂದು ವರ್ಕ್‌ಶಾಪಿನ ಮೇಲೆಯೇ ಭರವಸೆ. ಅಲ್ಲಿಯೇ ಇಸಾರ ಕೊಟ್ಟು ಬಂದಿದ್ದರು. ಫೆಬ್ರುವರಿಯ ಕೊನೆಗೆ 'ಟ್ರೇಲರ್ ಸಿದ್ಧವಾಗಿದೆ, ಒಯ್ಯಬಹುದು' ಎಂದು ಮರಾಠಿಯಲ್ಲಿ ಕಾರ್ಡು ಬಂತು. ದೊಡ್ಡಪ್ಪನವರು ಮುಂಬಯಿ ಪ್ರಾಂತದ ಕಾಲದಲ್ಲಿ ಮುಲ್ಕಿ ಪರೀಕ್ಷೆ ಪಾಸಾದವರು. ಕನ್ನಡದಷ್ಟೇ ಸಲೀಸಾಗಿ ಮರಾಠಿ ಓದುತ್ತಿದ್ದರು.

ಅಂದು ರಾತ್ರಿ ಪಡಸಾಲೆಯಲ್ಲಿ ಸಭೆ ಸೇರಿತು. ದೊಡ್ಡಪ್ಪ, ಅಪ್ಪ, ಟ್ರಕ್ಕಿನ ಯಜಮಾನ, ಮೂಲೆಯಲ್ಲಿ ಕಂದೀಲಿನ ಬಳಿ ನಾನು. 'ತಮ್ಮಾ, ನೀ ಬರಕೋತ ಹೋಗು' ಎಂದರು ದೊಡ್ಡಪ್ಪ. ಹೀಗೆ ಯಾದಿ ಆರಂಭವಾಯಿತು.

ಯಾದಿಯ ಮೊದಲ ಸಾಲು: 'ರೈಲು ಬ್ಯಾಡ.' ಇದೇಕೆಂದು ಇಂದಿನವರಿಗೆ ತಿಳಿಯಲಾರದು. ಘಟಪ್ರಭಾ ನಿಲ್ದಾಣ ನಮಗೆ ಹತ್ತಿರವೇ ಇತ್ತು; ಹಿಂದೆ ಅದಕ್ಕೆ ಗೋಕಾಕ ರೋಡ್ ಎಂದು ಹೆಸರು. ಕೊಲ್ಹಾಪುರಕ್ಕೂ 1891ರಿಂದ ರೈಲು ಇತ್ತು. ಆದರೆ 1971ರಲ್ಲಿ ಪುಣೆ, ಮಿರಜ, ಕೊಲ್ಹಾಪುರ ಮಾರ್ಗವು ಬ್ರಾಡ್‌ಗೇಜ್ ಆಯಿತು. ಮಿರಜದಿಂದ ಬೆಳಗಾವಿಯತ್ತ ಬರುವ ನಮ್ಮ ಮಾರ್ಗ ಮಾತ್ರ 1990ರ ದಶಕದವರೆಗೂ ಮೀಟರ್‌ಗೇಜ್ ಆಗಿಯೇ ಉಳಿಯಿತು. ಕೊಲ್ಹಾಪುರದಲ್ಲಿ ಏರಿಸಿದ ಸರಕನ್ನು ಮಿರಜದಲ್ಲಿ ಇಳಿಸಿ ಮತ್ತೊಂದು ಡಬ್ಬಿಗೆ ಏರಿಸಬೇಕು. ಟ್ರೇಲರಿನಂಥ ವಸ್ತುವನ್ನು ಹಾಗೆ ಇಳಿಸಿ ಏರಿಸಿ ಮುಗಿಯುವಷ್ಟರಲ್ಲಿ ಸುಗ್ಗಿಯೇ ಮುಗಿದೀತೆಂಬುದು ದೊಡ್ಡಪ್ಪನವರ ಲೆಕ್ಕ.

ಎರಡನೆಯ ಸಾಲು: 'ಟ್ರ್ಯಾಕ್ಟರ್ ಒಯ್ಯೂದು ಬ್ಯಾಡ.' ಟ್ರ್ಯಾಕ್ಟರನ್ನೇ ಒಯ್ದು ಟ್ರೇಲರ್ ಜೋಡಿಸಿಕೊಂಡು ಬರಬಹುದಿತ್ತು. ಆದರೆ ಅದರ ವೇಗಕ್ಕೆ ಹೋಗಿ ಬರಲು ಮೂರು ನಾಲ್ಕು ದಿನ ಬೇಕು. ಹೊಲದ ಕೆಲಸ ನಿಲ್ಲುತ್ತದೆ, ಡೀಸೆಲ್ ಸುಮ್ಮನೆ ಸುಡುತ್ತದೆ. ಟ್ರಕ್ಕಾದರೆ ಹೋಗುವಾಗ ಬೆಲ್ಲ ಹೇರಬಹುದು. ಸಾಮಾನ್ಯವಾಗಿ ನಮ್ಮ ಬೆಲ್ಲ ಮಹಾಲಿಂಗಪುರದ ಪೇಟೆಗೆ ಹೋಗುತ್ತಿತ್ತು. ಈ ಸಲ ಬೆಲ್ಲದ ಪೆಂಟಿಗಳನ್ನು ಕೊಲ್ಹಾಪುರದ ಅಡತಿಗೆ ಹಾಕಿ, ಬಂದ ಹಣದಲ್ಲಿಯೇ ಟ್ರೇಲರಿನ ಬಾಕಿ ತೀರಿಸುವುದೆಂದು ಗೊತ್ತಾಯಿತು.

ಟ್ರಕ್ಕಿನ ಬಗ್ಗೆ ಒಂದು ಪುಟವೇ ಇದೆ. ಅದೊಂದು ಹಳೆಯ ಟಾಟಾ ಬೆಂಝ್. ಜರ್ಮನಿಯ ಡೈಮ್ಲರ್ ಬೆಂಝ್ ಕಂಪನಿಯೊಂದಿಗೆ ಟಾಟಾದವರು 1954ರಲ್ಲಿ ಮಾಡಿಕೊಂಡ ಒಪ್ಪಂದದಂತೆ ಜಮಶೇದಪುರದಲ್ಲಿ ಈ ಟ್ರಕ್ಕುಗಳು ತಯಾರಾಗುತ್ತಿದ್ದವು. 1969ರಲ್ಲಿ ಆ ಒಪ್ಪಂದ ಮುಗಿದ ಮೇಲೆ ಮೂತಿಯ ಮೇಲಿನ ಮೂರು ಕಾಲಿನ ನಕ್ಷತ್ರ ಹೋಗಿ ಟಾಟಾದವರ 'ಟಿ' ಅಕ್ಷರ ಬಂತು. ನಮ್ಮೂರ ಟ್ರಕ್ಕಿನ ಮೂತಿಯಲ್ಲಿ ನಕ್ಷತ್ರವಿತ್ತು. ಎಂದರೆ ಅದಕ್ಕೆ ಕನಿಷ್ಠ ಹನ್ನೆರಡು ವರ್ಷ. ಯಜಮಾನ ಹೇಳುತ್ತ ಹೋದ, ನಾನು ಬರೆದೆ: ಮುಂದಿನ ಎಡಗಡೆ ಕಮಾನುಪಟ್ಟಿ ಒಂದು ಮುರಿದಿದೆ, ಹಾಕಿಸಬೇಕು. ಸ್ಟೆಪ್ನಿ ಎರಡು. ಫ್ಯಾನ್ ಬೆಲ್ಟ್ ಒಂದು ಹೆಚ್ಚಿಗೆ. ರೇಡಿಯೇಟರಿಗೆ ನೀರಿನ ಡಬ್ಬಿ ಎರಡು. ಏರಿನಲ್ಲಿ ಗಾಲಿಯ ಹಿಂದೆ ಕೊಡಲು ಬೇವಿನ ಕಟ್ಟಿಗೆಯ ತುಂಡು. ಬುತ್ತಿ ಎರಡು ದಿನಕ್ಕೆ.

ಟ್ರೇಲರನ್ನು ಟ್ರಕ್ಕಿನ ಹಿಂದೆ ಕಟ್ಟಿ ಎಳೆಯುವುದೋ, ಟ್ರಕ್ಕಿನ ಮೇಲೆ ಏರಿಸುವುದೋ ಎಂಬುದಕ್ಕೆ ಬಹಳ ಹೊತ್ತು ಚರ್ಚೆಯಾಯಿತು. ಎಳೆಯುವುದಕ್ಕೆ ಯಜಮಾನ ಒಪ್ಪಲಿಲ್ಲ. ಹಳೆಯ ಬ್ರೇಕಿನ ಗಾಡಿ, ಇಳಿಜಾರಿನಲ್ಲಿ ಹಿಂದಿನ ಭಾರ ಮುಂದಕ್ಕೆ ನೂಕಿದರೆ ಹಿಡಿತ ತಪ್ಪುತ್ತದೆ. ಕಾನೂನಿನ ಪ್ರಕಾರ ಟ್ರೇಲರೂ ಒಂದು ವಾಹನವೇ; ನೋಂದಣಿಯಿಲ್ಲದೆ ರಸ್ತೆಗೆ ಇಳಿಸುವಂತಿರಲಿಲ್ಲ. ಕೊನೆಗೆ ಗಾಲಿಗಳನ್ನು ಬಿಚ್ಚಿ ಮೇಲೆ ಹೇರುವುದೆಂದು ತೀರ್ಮಾನವಾಯಿತು. ಅಪ್ಪ ಮರುದಿನ ಬೆಳಗ್ಗೆ ಟ್ರಕ್ಕಿನ ತಳವನ್ನು ಮೊಳ ಹಾಕಿ ಅಳೆದು ಬಂದರು. ಟ್ರೇಲರ್ ಒಂದು ಮೊಳ ಹೊರಗೆ ಚಾಚುತ್ತದೆಂದು ತಿಳಿದು ಯಾದಿಯಲ್ಲಿ 'ಕೆಂಪು ಅರಿವೆ' ಎಂದು ಸೇರಿಸಿದೆ.

ಮೂರನೆಯ ಪುಟ ಹಾದಿಯದು. ಮಮದಾಪುರದಿಂದ ಗೋಕಾಕ, ಘಟಪ್ರಭಾ, ಹುಕ್ಕೇರಿ, ಸಂಕೇಶ್ವರ. ಅಲ್ಲಿ ಪುಣೆ-ಬೆಂಗಳೂರು ಹೆದ್ದಾರಿ ಸೇರಬೇಕು. ಮುಂದೆ ತವಂದಿ ಘಾಟು, ಅಂದರೆ ಜೈನರ ಕ್ಷೇತ್ರವಾದ ಸ್ತವನಿಧಿ. ಹೋಗುವಾಗ ಅದು ಇಳಿಜಾರು, ಬರುವಾಗ ಏರು. ಆನಂತರ ನಿಪ್ಪಾಣಿ, ಕೊಗನೊಳ್ಳಿ, ಕಾಗಲ, ಕೊಲ್ಹಾಪುರ. ಊರುಗಳ ಪಕ್ಕದಲ್ಲಿ ದೊಡ್ಡಪ್ಪ ಹೊಳೆಗಳ ಹೆಸರನ್ನೂ ಬರೆಸಿದ್ದರು: ಘಟಪ್ರಭೆ, ಹಿರಣ್ಯಕೇಶಿ, ವೇದಗಂಗಾ, ದೂಧಗಂಗಾ. ಹಳೆಯ ಕಾಲದವರು ಹಾದಿಯನ್ನು ಹೊಳೆಗಳಿಂದಲೇ ಎಣಿಸುತ್ತಿದ್ದರು. ಮಳೆಗಾಲದಲ್ಲಿ ಯಾವ ಹೊಳೆ ತಡೆಯುತ್ತದೆ, ಯಾವುದು ಬಿಡುತ್ತದೆ ಎಂಬುದರ ಮೇಲೆ ಅವರ ಪ್ರಯಾಣ ನಿಂತಿತ್ತು. ಅದು ಮಾರ್ಚ್ ತಿಂಗಳು, ಮಳೆಯ ಭಯವಿರಲಿಲ್ಲ. ಆದರೂ ಬರೆಸಿದರು, ಅದು ರೂಢಿ.

ನಾಲ್ಕನೆಯ ಪುಟ ಕಾಗದಪತ್ರಗಳದು. ಇಲ್ಲಿ ನಮ್ಮ ಗಡಿಯ ಚರಿತ್ರೆಯೇ ಇದೆ. ದೊಡ್ಡಪ್ಪ ಚಿಕ್ಕವರಿದ್ದಾಗ ಕೊಲ್ಹಾಪುರ ಒಂದು ಸಂಸ್ಥಾನ, ನಾವು ಮುಂಬಯಿ ಪ್ರಾಂತದವರು. 1949ರಲ್ಲಿ ಕೊಲ್ಹಾಪುರ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ಹೀಗಾಗಿ ಏಳು ವರ್ಷ ಮಾತ್ರ ಎರಡೂ ಕಡೆಯವರು ಒಂದೇ ಆಡಳಿತದಲ್ಲಿದ್ದರು. 1956ರ ನವೆಂಬರ್ 1ರಂದು ಬೆಳಗಾವಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ನಮ್ಮ ಜಿಲ್ಲೆಯ ಚಂದಗಡ ತಾಲೂಕು ಮಾತ್ರ ಅತ್ತ ಉಳಿಯಿತು. ಆಮೇಲೆ ಗಡಿಯ ತಕರಾರು, 1967ರಲ್ಲಿ ಮಹಾಜನ ಆಯೋಗದ ವರದಿ, ಇವೆಲ್ಲ ಓದುಗರಿಗೆ ತಿಳಿದದ್ದೇ. ಬೆಲ್ಲಕ್ಕೂ ಕಬ್ಬಿಣಕ್ಕೂ ಈ ಗೆರೆ ತಿಳಿಯದು. ಟ್ರಕ್ಕಿಗೆ ಮಾತ್ರ ತಿಳಿಯುತ್ತಿತ್ತು. ಆಗ ಜಾರಿಯಲ್ಲಿದ್ದ 1939ರ ಮೋಟಾರು ವಾಹನ ಕಾಯ್ದೆಯಂತೆ ಒಂದು ರಾಜ್ಯದ ಪರವಾನಗಿ ಇನ್ನೊಂದು ರಾಜ್ಯದ ರುಜುವಿಲ್ಲದೆ ಅಲ್ಲಿ ನಡೆಯುತ್ತಿರಲಿಲ್ಲ. 1975ರಲ್ಲಿ ರಾಷ್ಟ್ರೀಯ ಪರವಾನಗಿ ಯೋಜನೆ ಬಂದಿತ್ತಾದರೂ ಒಂದೇ ಟ್ರಕ್ಕಿನ ಹಳ್ಳಿಯ ಯಜಮಾನನಿಗೆ ಅದು ದೂರದ ಮಾತು. ಬೆಳಗಾವಿಗೆ ಹೋಗಿ ತಾತ್ಪೂರ್ತಿಕ ಪರವಾನಗಿ ತರಬೇಕೆಂದು ಯಾದಿಯಲ್ಲಿದೆ. ಅದರ ಕೆಳಗೆ 'ಜಕಾತಿಗೆ ಚಿಲ್ಲರೆ ರೊಕ್ಕ'. ಕರ್ನಾಟಕದಲ್ಲಿ 1979ರಲ್ಲಿ ಜಕಾತಿ ರದ್ದಾಗಿತ್ತು. ಮಹಾರಾಷ್ಟ್ರದ ಊರುಗಳಲ್ಲಿ ಇನ್ನೂ ಇತ್ತು.

ಹೊರಡುವ ದಿನ ಮಾರ್ಚ್ 18 ಎಂದು ಗೊತ್ತಾಯಿತು. ಪರವಾನಗಿ ಬಂತು, ಕಮಾನುಪಟ್ಟಿ ಹಾಕಿಸಿದ್ದಾಯಿತು. ಆಗ ನಿಪ್ಪಾಣಿಯ ಸುದ್ದಿ ಬಂತು.

ನಿಪ್ಪಾಣಿ ಬೀಡಿ ತಂಬಾಕಿನ ದೊಡ್ಡ ಪೇಟೆ. ಬೆಳೆದವನು ರೈತ, ಬೆಲೆ ಕಟ್ಟುವವನು ವ್ಯಾಪಾರಿ ಎಂಬುದು ಅಲ್ಲಿಯ ಹಳೆಯ ನೋವು. ಶರದ್ ಜೋಶಿಯವರ ಮುಂದಾಳತನದಲ್ಲಿ ತಂಬಾಕು ಬೆಳೆಗಾರರು ನ್ಯಾಯವಾದ ಬೆಲೆಗಾಗಿ ಆ ಮಾರ್ಚ್ ಮಧ್ಯದಲ್ಲಿ ಹೆದ್ದಾರಿಯ ಮೇಲೆಯೇ ಕುಳಿತರು. ಸಾವಿರಾರು ಜನ, ಹೆಂಗಸರು ಮಕ್ಕಳು ಸಹಿತ. ಅದಕ್ಕೆ ಎಂಟು ತಿಂಗಳ ಹಿಂದೆ, 1980ರ ಜುಲೈ 21ರಂದು, ಮಲಪ್ರಭಾ ಅಚ್ಚುಕಟ್ಟಿನ ನರಗುಂದ, ನವಲಗುಂದಗಳಲ್ಲಿ ರೈತರ ಮೇಲೆ ಗೋಲಿಬಾರ್ ಆಗಿತ್ತು. ಆ ನೆನಪು ಎಲ್ಲರಲ್ಲಿಯೂ ಹಸಿಯಾಗಿತ್ತು.

ಮತ್ತೆ ಪಡಸಾಲೆಯಲ್ಲಿ ಸಭೆ. ಯಾದಿಯ ಐದನೆಯ ಪುಟದಲ್ಲಿ ದೊಡ್ಡಪ್ಪ ಎರಡನೆಯ ಹಾದಿ ಬರೆಸಿದರು: ಸಂಕೇಶ್ವರದಿಂದ ಎಡಕ್ಕೆ ಗಡಹಿಂಗ್ಲಜ, ಅಲ್ಲಿಂದ ಗಾರಗೋಟಿ, ಕೊಲ್ಹಾಪುರ. ಗುಡ್ಡಗಾಡಿನ ಹಾದಿ, ದೂರವೂ ಹೆಚ್ಚು. ಟ್ರಕ್ಕಿನ ಯಜಮಾನ 'ನಡೀತೈತ್ರಿ, ಸಾವಕಾಶ ಹೋಗೂಣು' ಎಂದ. ಅಪ್ಪ ಅಲ್ಲಿಯವರೆಗೆ ಮಾತನಾಡಿರಲಿಲ್ಲ. ಓದು ಬರಹ ಬಾರದ ಮನುಷ್ಯ. ಅಣ್ಣನ ಎದುರು ದನಿ ಎತ್ತಿದವರೇ ಅಲ್ಲ. ಅಂದು ಹೇಳಿದರು: 'ಅಣ್ಣಾ, ಅವರು ಬೆಲಿ ಸಲುವಾಗಿ ಹಾದ್ಯಾಗ ಕುಂತಾರ. ನಾವೂ ಮಾಲ ಬೆಳದವರ. ಅವರ ಬೆನ್ನ ಹಿಂದ ಹಾದು ಹೋಗಿ ನಮ್ಮ ಬೆಲ್ಲ ಮಾರಿ ಬರೂದು ನನಗ ಚಂದ ಕಾಣೂದಿಲ್ಲ. ರಸ್ತೆ ಬಿಟ್ಟ ಮ್ಯಾಲೆ ಹೋಗೂಣು.'

ದೊಡ್ಡಪ್ಪ ಸಿಟ್ಟಾದರು. ಅವರ ಮಾತಿನಲ್ಲಿ ಸುಳ್ಳಿರಲಿಲ್ಲ. ಹೊಲದಲ್ಲಿ ಕಬ್ಬು ನಿಂತಿತ್ತು; ಬಿಸಿಲು ಏರಿದಷ್ಟೂ ರಸ ಇಳಿಯುವುದು. ಬಾಡಿಗೆಯ ಟ್ರೇಲರುಗಳು ಸುಗ್ಗಿಯ ಕೊನೆಯಲ್ಲಿ ಸಿಗುತ್ತಿರಲಿಲ್ಲ. ಬ್ಯಾಂಕಿನ ಕಂತು ತಲೆಯ ಮೇಲಿತ್ತು. 'ನಾವು ಹೋಗದಿದ್ದರ ಅವರಿಗೇನು ತಿಳೀತೈತಿ?' ಎಂದು ಕೇಳಿದರು. ಅಪ್ಪ 'ನಮಗ ತಿಳೀತೈತಲ್ಲ' ಎಂದಷ್ಟೇ ಹೇಳಿ ಎದ್ದು ದನಗಳಿಗೆ ಮೇವು ಹಾಕಲು ಹೋದರು. ಬಹಳ ಹೊತ್ತಿನ ಮೇಲೆ ದೊಡ್ಡಪ್ಪ ನನಗೆ 'ಅದನ್ನ ಹೊಡದು ಹಾಕು' ಎಂದರು. ಐದನೆಯ ಪುಟದ ಮೇಲೆ ಮೂಲೆಯಿಂದ ಮೂಲೆಗೆ ನಾನು ಎಳೆದ ಗೆರೆ ಇಂದಿಗೂ ಹಾಗೆಯೇ ಇದೆ.

ಮೂರು ವಾರ ಅಪ್ಪ ಎತ್ತಿನ ಚಕ್ಕಡಿಯಲ್ಲಿಯೇ ಕಬ್ಬನ್ನು ಗಾಣಕ್ಕೆ ಸಾಗಿಸಿದರು. ಸಾಗಿದಷ್ಟು ಸಾಗಿತು. ಉಳಿದದ್ದು ಹೊಲದಲ್ಲಿಯೇ ಒಣಗಿ ಹಗುರಾಯಿತು. ಆ ವರ್ಷದ ಕಂತಿಗೆ ಅವ್ವನ ಬಂಗಾರದ ಬಿಲ್ವಾರ ಅಡವು ಹೋದವು.

ಏಪ್ರಿಲ್ 6ರಂದು, ಯುಗಾದಿಯ ಮರುದಿನ, ನಿಪ್ಪಾಣಿಯಲ್ಲಿ ಪೊಲೀಸರು ಗುಂಡು ಹಾರಿಸಿದರು. ಹಲವು ರೈತರು ಪ್ರಾಣ ಕಳೆದುಕೊಂಡರು. ರಸ್ತೆ ತೆರೆಯಿತು. ರಸ್ತೆ ತೆರೆದ ಮೇಲೆ ಹೋಗೋಣವೆಂದು ಅಪ್ಪ ಹೇಳಿದ್ದು ಹೀಗೆ ತೆರೆಯಲೆಂದಲ್ಲ. ಆ ಸುದ್ದಿಯನ್ನು ಪತ್ರಿಕೆಯಲ್ಲಿ ನಾನೇ ಅವರಿಗೆ ಓದಿ ಹೇಳಿದೆ. ಏನೂ ಮಾತಾಡಲಿಲ್ಲ.

ಏಪ್ರಿಲ್ ಮೂರನೆಯ ವಾರ ನಾವು ಹೊರಟೆವು. ತವಂದಿ ಇಳಿದು ನಿಪ್ಪಾಣಿ ಸಮೀಪಿಸಿದಾಗ ಯಜಮಾನ ತಾನಾಗಿಯೇ ಗಾಡಿಯನ್ನು ನಿಧಾನ ಮಾಡಿದ. ರಸ್ತೆಯ ಬದಿಗೆ ಮೂರು ಕಲ್ಲಿನ ಒಲೆಗಳ ಮಸಿ ಅಲ್ಲಲ್ಲಿ ಉಳಿದಿತ್ತು. ಹೆಗಲ ಮೇಲಿನ ಟವೆಲನ್ನು ತೆಗೆದು ಅಪ್ಪ ಕೈಯಲ್ಲಿ ಹಿಡಿದುಕೊಂಡರು. ಊರು ದಾಟುವವರೆಗೂ ಹಾಗೆಯೇ ಕುಳಿತಿದ್ದರು. ಕೊಲ್ಹಾಪುರದಲ್ಲಿ ಬೆಲ್ಲ ಮಾರಿ, ಬಾಕಿ ತೀರಿಸಿ, ಗಾಲಿ ಬಿಚ್ಚಿದ ಟ್ರೇಲರನ್ನು ಚೈನ್ ಪುಲ್ಲಿಯಿಂದ ಏರಿಸಿ, ಕೆಂಪು ಅರಿವೆ ಕಟ್ಟಿ ಮರುದಿನ ಹಿಂದಿರುಗಿದೆವು. ತವಂದಿಯ ಏರಿನಲ್ಲಿ ಎರಡು ಸಲ ರೇಡಿಯೇಟರಿಗೆ ನೀರು ಹಾಕಬೇಕಾಯಿತು. ಬೇವಿನ ಕಟ್ಟಿಗೆಯೂ ಉಪಯೋಗಕ್ಕೆ ಬಂತು. ಯಾದಿಯಲ್ಲಿದ್ದ ಯಾವುದೂ ವ್ಯರ್ಥವಾಗಲಿಲ್ಲ.

ಈಗ ಆ ಹಾದಿ ಬೇರೆಯೇ ಆಗಿದೆ. ನಾಲ್ಕು ಪಥದ ಹೆದ್ದಾರಿಯಾಗಿ ಅದರ ಸಂಖ್ಯೆಯೂ 4 ಹೋಗಿ 48 ಆಗಿದೆ. 2017ರಲ್ಲಿ ಜಿ.ಎಸ್.ಟಿ. ಬಂದ ಮೇಲೆ ತೆರಿಗೆಯ ನಾಕಾಗಳು ಹೋದವು. ಕೊಗನೊಳ್ಳಿಯಲ್ಲಿ ಟೋಲ್ ಮಾತ್ರ ಉಂಟು. ಟ್ರೇಲರುಗಳನ್ನು ನಮ್ಮ ಸೀಮೆಯ ವೆಲ್ಡಿಂಗ್ ಅಂಗಡಿಗಳಲ್ಲಿಯೇ ಮಾಡುತ್ತಾರೆ. ಸುಗ್ಗಿಯಲ್ಲಿ ಎರಡೆರಡು ಟ್ರೇಲರ್ ಕಟ್ಟಿಕೊಂಡು ಸಾಲುಗಟ್ಟಿ ಸಾಗುವ ಟ್ರ್ಯಾಕ್ಟರುಗಳನ್ನು ಕಂಡಾಗ, ಒಂದು ಟ್ರೇಲರಿಗಾಗಿ ಆರು ಪುಟ ಬರೆದದ್ದು ನೆನಪಾಗುತ್ತದೆ. ಕಬ್ಬಿನ ಬೆಲೆಗಾಗಿ ರೈತರು ರಸ್ತೆಯ ಮೇಲೆ ಕುಳಿತುಕೊಳ್ಳುವುದು ಮಾತ್ರ ಇನ್ನೂ ನಿಂತಿಲ್ಲ.

ತರಗತಿಯಲ್ಲಿ ನಾನು ನಿಪ್ಪಾಣಿಯ ಚಳವಳಿಯನ್ನು ಹಲವು ಸಲ ಪ್ರಸ್ತಾಪಿಸಿದ್ದೇನೆ. ಕುಳಿತವರ ಬಗ್ಗೆ ಹೇಳಿದೆ, ಗುಂಡು ಹಾರಿಸಿದವರ ಬಗ್ಗೆ ಹೇಳಿದೆ. ಐವತ್ತು ಮೈಲು ಆಚೆಯ ಹಳ್ಳಿಯೊಂದರಲ್ಲಿ, ಯಾರಿಗೂ ತಿಳಿಯದಂತೆ, ತನ್ನ ಕಬ್ಬು ಒಣಗಲು ಬಿಟ್ಟು ಅವರ ಜೊತೆ ನಿಂತವನ ಬಗ್ಗೆ ಹೇಳಲಿಲ್ಲ. ಅದು ಇತಿಹಾಸದಲ್ಲಿ ಸೇರುತ್ತದೆಂದು ಆಗ ನನಗೆ ಹೊಳೆದಿರಲಿಲ್ಲ. ಅಪ್ಪನ ಸಹಿ ಎಲ್ಲಿಯೂ ಇಲ್ಲ. ಬ್ಯಾಂಕಿನ ಕಾಗದಗಳ ಮೇಲೆಯೂ ಹೆಬ್ಬೆಟ್ಟೇ. ಅವರು ಬರೆಸಿದ್ದೆಂದು ನನ್ನಲ್ಲಿ ಉಳಿದದ್ದು ಐದನೆಯ ಪುಟದ ಆ ಅಡ್ಡಗೆರೆ ಒಂದೇ. ನೋಟುಪುಸ್ತಕವನ್ನು ಅರಿವೆಯಲ್ಲಿ ಸುತ್ತಿ ಮನೆಯ ಪತ್ರಗಳ ಜೊತೆ ಇಟ್ಟಿದ್ದೇನೆ.